ಗಾಳಿಯ ದಿಕ್ಕು ನಾನು ಹೇಳಲಿಲ್ಲ

ನಂದಿನಿ, ನಿನಗೆ ನಾನು ಬೇಕೆಂದೇ ತಪ್ಪು ಹೇಳಿಕೊಟ್ಟೆ. ಮರೆತಲ್ಲ, ಗೊತ್ತಿಲ್ಲದೆಯೂ ಅಲ್ಲ. ಕಂಪ್ಯೂಟರಿನ ಆ ಬೇಟೆಯಾಟದಲ್ಲಿ ಅಪ್ಪನ ಜೊತೆ ಆಡುವುದು ಹೇಗೆಂದು ನಾಲ್ಕು ವರ್ಷದ ಹಿಂದೆ ನೀನು ಸೂರತ್‌ನಿಂದ ಫೋನು ಮಾಡಿ ಕೇಳಿದಾಗ ಸರಿಯಾದ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡು ಬೇರೆ ಹೇಳಿದೆ.

ನಿವೃತ್ತರಾದ ಮೇಲೆ ಅಪ್ಪ ಆ ಆಟಕ್ಕೆ ಅಂಟಿಕೊಂಡದ್ದು ನಿನಗೆ ಗೊತ್ತು. ಮೊಟ್ಟೆ ಕೂಡ ಮುಟ್ಟದ ಮನುಷ್ಯ! ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ತಿಂಡಿ ತಿಂದು, ಕಂಪ್ಯೂಟರ್ ಮುಂದೆ ಕೂತು ಕಡವೆಯ ಹೆಜ್ಜೆ ಹುಡುಕುತ್ತಿದ್ದರು. "ಕೊಲ್ಲುದು ಅಲ್ಲ ಇದು, ಕಾಯುದು" ಎನ್ನುತ್ತಿದ್ದರು. ನಿಜವೇ. ಗಂಟೆಗಟ್ಟಲೆ ಹುಲ್ಲಿನಲ್ಲಿ ತೆವಳಿ, ಒಂದು ಗುಂಡೂ ಹಾರಿಸದೆ ಎದ್ದು ಬಂದ ದಿನಗಳೇ ಹೆಚ್ಚು.

ನಾನು ಬ್ಯಾಂಕಿಗೆ ರಜೆ ಇದ್ದ ದಿನವೆಲ್ಲ ಅವರ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದೆ. ಅಮ್ಮ ಹೋದ ಮೇಲೆ ಸ್ಯಾಟಲೈಟ್ ಬಡಾವಣೆಯ ಈ ಫ್ಲ್ಯಾಟಿನಲ್ಲಿ ಉಳಿದದ್ದು ನಾವಿಬ್ಬರೇ ಅಲ್ಲವೇ. ಮದುವೆಯ ಮಾತು ಬಂದಾಗಲೆಲ್ಲ ಅಪ್ಪನನ್ನು ನೋಡಿಕೊಳ್ಳಬೇಕು ಎಂದು ತಳ್ಳಿದವಳು ನಾನು — ಅದು ತ್ಯಾಗವೋ, ಭಯವೋ... ಈಗ ಆ ಪ್ರಶ್ನೆ ಬೇಡ. ಆ ಕುರ್ಚಿ ನನ್ನದು ಎಂದುಕೊಂಡಿದ್ದೆ, ಅಷ್ಟೇ.

ಒಂದು ಮಧ್ಯಾಹ್ನ ಪರದೆಯ ಮೇಲೆ ಎಲ್ಲೋ ಒಂದು ಜಿಂಕೆ ನಿಂತಿತ್ತಂತೆ. ನನಗೆ ಕಾಣಲಿಲ್ಲ. ಅಪ್ಪ ಬೆರಳಿಟ್ಟು ತೋರಿಸಿದರೂ ಕಾಣಲಿಲ್ಲ. ಆಗ ಅವರು ನಕ್ಕು, "ನಂದಿನಿ ಆಗಿದ್ರೆ ಇಷ್ಟೊತ್ತಿಗೆ ನೋಡಿ ಆಗ್ತಿತ್ತು. ಅವಳ ಕಣ್ಣು ಗಿಡುಗನದ್ದು" ಎಂದರು.

ಆರು ವರ್ಷ ನಿನ್ನ ಹೆಸರೆತ್ತದಿದ್ದವರು! ವಡೋದರಾದ ಹಾಸ್ಟೆಲಿನಿಂದ ಓದನ್ನು ಅರ್ಧಕ್ಕೆ ಬಿಟ್ಟು, ಒಂದು ಮಾತೂ ಹೇಳದೆ ನೀನು ಜಿಗ್ನೇಶನನ್ನು ಮದುವೆಯಾಗಿ ಸೂರತ್ತಿನ ವರಾಛಾ ಸೇರಿದೆ. ಹುಡುಗ ಗುಜರಾತಿ, ವಜ್ರ ಹೊಳಪು ಮಾಡುವವನು — ಅದಕ್ಕೆಲ್ಲ ಅಪ್ಪನಿಗೆ ಸಿಟ್ಟಿರಲಿಲ್ಲ. "ನನ್ನತ್ರ ಬಂದು ಹೇಳುವಷ್ಟು ತಾಳ್ಮೆ ಇರ್ಲಿಲ್ಲ ಅವಳಿಗೆ" — ಇದೊಂದೇ ಅವರ ದೂರು.

ಮರುದಿನವೇ ಅವರು ತಲೆ ಎತ್ತದೆ ನನಗೆ ಹೇಳಿದರು: "ಸುಮಾ, ಇದನ್ನು ಇಬ್ರು ಜೊತೆಗೆ ಆಡ್ಲಿಕ್ಕೂ ಆಗ್ತದಂತೆ. ಅವಳಿಗೊಂದು ಹೇಳಿ ನೋಡು. ಆದಿತ್ಯವಾರ ಬರ್ಲಿ. ಮನೆಗಲ್ಲ, ಆಟಕ್ಕೆ."

ಎರಡು ವರ್ಷ ಪಕ್ಕದಲ್ಲಿ ಕೂತ ನನ್ನನ್ನು ಒಮ್ಮೆಯೂ ಅವರು ಹಾಗೆ ಕರೆದಿರಲಿಲ್ಲ. ನಿನಗೆ ವಿಷಯ ತಿಳಿಸಿದೆ. ತಿಳಿಸದೆ ಇರುವ ಧೈರ್ಯ ಇರಲಿಲ್ಲ. ನೀನು ಫೋನಿನಲ್ಲೇ ಅತ್ತೆ. ಜಿಗ್ನೇಶ್ ಅಂದೇ ಆಟ ಹಾಕಿಸಿಕೊಟ್ಟ. ಆಮೇಲೆ ನೀನು ಕೇಳಿದೆ: "ಅಕ್ಕ, ಅಪ್ಪನಿಗೆ ಬೇಜಾರಾಗದ ಹಾಗೆ ಆಡ್ಬೇಕು. ಎಂತೆಲ್ಲ ಗೊತ್ತಿರ್ಬೇಕು, ಹೇಳು."

"ಹೆಚ್ಚೇನಿಲ್ಲ ಮಾರಾಯ್ತಿ" ಎಂದೆ. "ಗಾಳಿ ಗೀಳಿ ತಲೆಗೆ ಹಾಕ್ಕೊಳ್ಬೇಡ. ಪ್ರಾಣಿ ಕಂಡ ಕೂಡ್ಲೇ ಓಡಿ ಹತ್ತಿರ ಹೋಗಿ ಹೊಡಿ. ತಡ ಮಾಡಿದ್ರೆ ಅಪ್ಪನಿಗೆ ಆಗುದಿಲ್ಲ."

"ಇಂಟರ್ನೆಟ್ಟಲ್ಲಿ ಬೇರೆಯೇ ಹೇಳ್ತಾರಲ್ಲ ಅಕ್ಕ?"

"ಅದು ಅವರ ಆಟ. ಅಪ್ಪನ ಆಟ ಬೇರೆ. ನಾನು ದಿನಾ ನೋಡುವವಳಲ್ವಾ?"

ನೀನು ನಂಬಿದೆ.

ಮೊದಲ ಆದಿತ್ಯವಾರ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತರು. ಕಿವಿಗೆ ಹೆಡ್‌ಫೋನು ಸಿಕ್ಕಿಸಿ, "ಕೇಳ್ತದಾ?" ಎಂದರು. ನೀನು ಏನೋ ಹೇಳಿರಬೇಕು. ಅವರ ಮುಖದಲ್ಲಿ ಮೂಡಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಆ ಮುಖ ನನಗೆಂದೂ ಸಿಕ್ಕಿದ್ದಲ್ಲ. ಆಗಲಾದರೂ ನಿನಗೊಂದು ಸಂದೇಶ ಕಳಿಸಬಹುದಿತ್ತು. ಕಳಿಸಲಿಲ್ಲ — ಕಾದೆ.

ಕೆರೆಯ ಬದಿಯಲ್ಲಿ ಅವರು ತಾಸುಗಟ್ಟಲೆ ಹಿಂಬಾಲಿಸಿದ್ದ ದೊಡ್ಡ ಕೊಂಬಿನ ಗಂಡುಜಿಂಕೆ ನೀನು ಓಡಿದ ಸದ್ದಿಗೆ ಚಿಮ್ಮಿ ಹೋಯಿತು. ಮುಂದಿನ ವಾರ ನೀನು ಅವಸರದಲ್ಲಿ ಹೊಡೆದ ಗುಂಡು ಒಂದು ಜಿಂಕೆಯ ತೊಡೆಗೆ ತಾಗಿ, ಅದು ಕುಂಟುತ್ತ ಕಾಡು ಸೇರಿತು. ನೀನು ಆಟ ಮುಗಿಸಿದ ಮೇಲೂ ಅಪ್ಪ ಒಬ್ಬರೇ ರಕ್ತದ ಕಲೆ ಹಿಡಿದು ಹುಡುಕಿದರು. "ಪಾಪ, ಗಾಯ ಮಾಡಿ ಬಿಟ್ಟಳಲ್ಲ" ಎನ್ನುತ್ತಿದ್ದರು. ಮೂರನೆಯ ವಾರವೂ ಹಾಗೇ ಆಯಿತು. ಹೆಡ್‌ಫೋನು ತೆಗೆದು ಅಪ್ಪ ಮೇಜಿನ ಮೇಲಿಟ್ಟರು.

"ಇವಳು ಬದಲಾಗ್ಲೇ ಇಲ್ಲ. ಅದೇ ಅವಸರ."

ನನಗೆ ಆಗ ಏನಾಯಿತೆಂದು ಬರೆಯಲೇಬೇಕು. ಸಂತೋಷವಾಯಿತು, ನಂದಿನಿ. ಅಡುಗೆಮನೆಗೆ ಹೋಗಿ ಅವರಿಗೆ ಕಾಫಿ ಮಾಡಿ ತಂದು, ಕುರ್ಚಿ ಎಳೆದು ಪಕ್ಕದಲ್ಲಿ ಕೂತೆ.

ಸಂಜೆ ನೀನು ಫೋನು ಮಾಡಿ, "ನೀನು ಹೇಳಿದ ಹಾಗೇ ಮಾಡಿದೆ ಅಕ್ಕ. ಎಲ್ಲಿ ತಪ್ಪಿತು?" ಎಂದೆ. "ಅಪ್ಪನ ಸ್ವಭಾವವೇ ಹಾಗೆ, ಬಿಡು" ಎಂದೆ ನಾನು. ನೀನು ಬಿಟ್ಟೆ. ಅವರೂ ಬಿಟ್ಟರು. ನಾಲ್ಕು ವರ್ಷ.

ಕಳೆದ ಚಳಿಗಾಲದಲ್ಲಿ ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಆಟವೂ ನಿಂತಿತು. ಆಸ್ಪತ್ರೆಗೆ ನೀನು ಬಂದು ದೂರದಲ್ಲೇ ನಿಂತು, ಅವರು ಕಣ್ಣು ಬಿಡುವ ಮೊದಲೇ ಹೊರಟುಹೋದೆ. ಅಂದಿನಿಂದ ನನ್ನೊಳಗೆ ಇದು ಕೊರೆಯುತ್ತಿತ್ತು. ಕಳೆದ ವಾರ ಗಂಜಿ ಕುಡಿಸುತ್ತಿದ್ದಾಗ ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಅವರ ಮಾತು ಈಗ ತೊದಲುತ್ತದೆ, ಆದರೆ ಇದು ಸ್ಪಷ್ಟವಾಗಿತ್ತು: "ನಿನ್ನ ಮಾತು ಕೇಳಿದ್ದು... ಅಷ್ಟೇ ಅವಳ ತಪ್ಪು." ಚಮಚವನ್ನು ದೂರ ಸರಿಸಿದರು. "ಅವಳಿಗೆ ಹೇಳು."

ಅಂದಿನಿಂದ ಅಪ್ಪ ನನ್ನ ಕೈಯಿಂದ ತಿನ್ನುತ್ತಿಲ್ಲ. ಎಡಗೈಯಲ್ಲಿ ಚೆಲ್ಲಿಕೊಂಡು ತಾವೇ ತಿನ್ನುತ್ತಾರೆ. ನಾನು ನೆಲ ಒರೆಸುತ್ತೇನೆ.

ಆವತ್ತು ಹೇಳಬೇಕಾಗಿದ್ದದ್ದು ಇದು. ಗಾಳಿ ಯಾವಾಗಲೂ ನಿನ್ನ ಮುಖಕ್ಕೆ ಬೀಸುತ್ತಿರಬೇಕು. ಬೆನ್ನಿಗೆ ಬೀಸಿದರೆ ನಿನ್ನ ವಾಸನೆ ನಿನಗಿಂತ ಮೊದಲು ಹೋಗಿ ಪ್ರಾಣಿಯನ್ನು ಮುಟ್ಟುತ್ತದೆ. ಓಡಬೇಡ, ಬಗ್ಗಿ ನಡೆ, ಕೊನೆಯಲ್ಲಿ ತೆವಳು. ಅದು ತಲೆ ಎತ್ತಿದರೆ ಅಲ್ಲಾಡದೆ ನಿಲ್ಲು. ಪಕ್ಕಕ್ಕೆ ತಿರುಗುವವರೆಗೆ ಕಾದು, ಮುಂಗಾಲಿನ ಹಿಂದೆ ಗುರಿಯಿಡು. ಸಂಶಯವಿದ್ದರೆ ಹೊಡೆಯಲೇ ಬೇಡ. ಹೊಡೆದ ಮೇಲೂ ಬೆನ್ನಟ್ಟಬೇಡ — ಸ್ವಲ್ಪ ಹೊತ್ತು ಕೂತು, ನಂತರ ರಕ್ತದ ಜಾಡು ಹಿಡಿ. ಇಷ್ಟೇ. ಎರಡು ನಿಮಿಷದ ಮಾತು.

ಕ್ಷಮಿಸು ಎಂದು ಕೇಳುವುದಿಲ್ಲ. ಬಾ ಎನ್ನುವ ಹಕ್ಕೂ ನನಗಿಲ್ಲ; ಕರೆಯುತ್ತಿರುವುದು ಅಪ್ಪ — ಈ ಸಲ ಮನೆಗೇ. ಮೌಸು ನೀನು ಹಿಡಿದರೆ ತಾನು ಪಕ್ಕದಲ್ಲಿ ಕೂತು ಹೇಳುತ್ತೇನೆ ಎನ್ನುತ್ತಾರೆ. ಇದನ್ನು ಬರೆಯುವಾಗಲೂ ನನ್ನ ಹೊಟ್ಟೆ ಉರಿಯುತ್ತಿದೆ, ಸುಳ್ಳು ಹೇಳುವುದಿಲ್ಲ. ಆದರೂ ನೀನು ಬಂದ ದಿನ ಬಾಗಿಲು ತೆರೆಯುವವಳು ನಾನೇ. ತೆರೆದು, ನಿನಗೆ ದಾರಿ ಬಿಟ್ಟು, ಅಡುಗೆಮನೆಗೆ ಹೋಗುತ್ತೇನೆ.