ಡಾಂಬರಿನ ಶಾಂಪೂ

ನಮ್ಮಣ್ಣ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಮಧ್ಯಾಹ್ನ ಅಮ್ಮನನ್ನು ನೋಡಿಕೊಂಡು ಬರೋಣ ಅಂತ ಅವನ ಮನೆಗೆ ಹೋದೆ. ಬಾಗಿಲು ಸುಮ್ಮನೆ ಮುಂದೆ ಮಾಡಿತ್ತು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಮನೆ ತುಂಬ ಅಣ್ಣನ ತಲೆಯ ವಾಸನೆ. ಹೊಸ ರಸ್ತೆಯ ಡಾಂಬರು ಬಿಸಿಲಿಗೆ ಕಾದಾಗ ಬರುತ್ತಲ್ಲ, ಅದೇ ವಾಸನೆ. ಬಚ್ಚಲುಮನೆಯಲ್ಲಿ ನೀರಿನ ಸದ್ದು, ಅದರ ಜೊತೆ ಅಣ್ಣ ತಲೆ ತೊಳೆಯುವಾಗ ಗುನುಗುತ್ತಿದ್ದ ಹಳೇ ರಾಗ. ದೆವ್ವ ಭೂತ ಅಂದವರನ್ನು ಗೇಲಿ ಮಾಡೋ ಹೆಂಗಸು ನಾನು. ಅವತ್ತು ಮಾತ್ರ ಬಂದ ದಾರಿಗೇ ತಿರುಗಿದ್ದೆ, ಸುಳ್ಳು ಯಾಕೆ ಹೇಳಲಿ.

ಬಚ್ಚಲ ಬಾಗಿಲು ತೆಗೆದು ಹೊರಗೆ ಬಂದದ್ದು ಅತ್ತಿಗೆ. ಸೊಂಟದವರೆಗೆ ಇದ್ದ ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದಳು. ಮೈಮೇಲೆ ಅಣ್ಣನ ಹಳೇ ಅಂಗಿ. ನನ್ನನ್ನು ನೋಡಿ ತುಟಿ ಮೇಲೆ ಬೆರಳಿಟ್ಟಳು, ತಟ್ಟೆ ತಗೊಂಡು ನೇರ ಅಮ್ಮನ ಕೋಣೆಗೆ ಹೋದಳು. ಮಂಚದ ಪಕ್ಕ ನೆಲಕ್ಕೆ ಕೂತು ತಲೆ ಬಗ್ಗಿಸಿದಳು. ಅಮ್ಮನಿಗೆ ಕಣ್ಣು ಹೋಗಿ ಬಹಳ ಕಾಲವಾಗಿದೆ. ಅಮ್ಮನ ಕೈ ತಡಕಾಡುತ್ತಾ ಬಂದು ಆ ಒದ್ದೆ ತಲೆ ಮೇಲೆ ಕೂತಿತು.

"ಬಂದ್ಯಾ?" ಅಂದಳು ಅಮ್ಮ.

ಅತ್ತಿಗೆ ಗಂಟಲಲ್ಲೇ ಹೂಂ ಅಂದಳು. ಅಮ್ಮ ಬಾಯಿ ತೆರೆದಳು. ಕೊಟ್ಟ ತುತ್ತನ್ನೆಲ್ಲ ಮಕ್ಕಳ ಹಾಗೆ ತಿಂದು ಮುಗಿಸಿದಳು. ನಾನು ಬಾಗಿಲಿಗೆ ಒರಗಿಕೊಂಡು, ಅಳಬೇಕೋ ಬೈಯಬೇಕೋ ತಿಳಿಯದೆ ನೋಡುತ್ತಿದ್ದೆ.

ನಮ್ಮ ಅತ್ತಿಗೆಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಬ್ಯೂಟಿ ಪಾರ್ಲರ್ ಒಂದರಲ್ಲಿ ತಲೆ ತೊಳೆಯೋದು ಅವಳ ಕೆಲಸ. ಕತ್ತರಿ ಹಿಡಿಯುವವರು ಬೇರೆ, ಬಣ್ಣ ಹಚ್ಚುವವರು ಬೇರೆ. ಇವಳದ್ದು ಬೇಸಿನ್ನು, ಬಿಸಿನೀರು, ಟವೆಲ್ಲು. ಬಂದವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕತ್ತನ್ನು ಇವಳ ಕೈಗೆ ಒಪ್ಪಿಸುತ್ತಾರೆ. ಬಾಯಿ ಜೋರಿನ ಎಂಥೆಂಥ ಹೆಂಗಸರೂ ಆ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಾರಂತೆ. ಅಲ್ಲಿ ಎಲ್ಲರೂ ಅವಳನ್ನು ತಲೆ ಅಕ್ಕ ಅಂತಲೇ ಕರೆಯೋದು. ನಾನೂ ಅವಳೂ ಒಂದೇ ವಾರಿಗೆಯವರು, ಹೋಗೇ ಬಾರೇ ಅಂತ ಮಾತಾಡುವಷ್ಟು ಸಲಿಗೆ.

ಊರವರ ತಲೆ ತೊಳೆಯುವವಳ ಗಂಡನಿಗೇ ತಲೆ ತುಂಬ ಹೊಟ್ಟು. ಅಣ್ಣ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಕಪ್ಪು ಅಂಗಿ ತೊಟ್ಟರೆ ಹಿಟ್ಟಿನ ಗಿರಣಿಯಿಂದ ಎದ್ದು ಬಂದ ಹಾಗೆ ಕಾಣುತ್ತಿದ್ದ. ಏನೇನೋ ಹಚ್ಚಿ ಸಾಕಾಗಿ, ಕೊನೆಗೆ ಕಂದು ಬಣ್ಣದ ಬಾಟಲಿಯ ಆ ಡಾಂಬರು ಶಾಂಪೂ ಒಂದು ಅವನಿಗೆ ಒಗ್ಗಿತು. ನೊರೆ ಹಾಕಿದ ತಕ್ಷಣ ತೊಳೆದರೆ ಏನೂ ಪ್ರಯೋಜನ ಇಲ್ಲ, ಸ್ವಲ್ಪ ಹೊತ್ತು ಬಿಡಬೇಕು. ಅದಕ್ಕೇ ಒಂದು ಹಾಡನ್ನು ಪೂರ್ತಿ ಗುನುಗಿ ಆಮೇಲೆ ನೀರು ಹುಯ್ದುಕೊಳ್ಳುತ್ತಿದ್ದ. ರಾಗ ಅಡ್ಡಾದಿಡ್ಡಿ. ಅತ್ತಿಗೆಗೆ ಆ ವಾಸನೆ ಕಂಡರೆ ಆಗುತ್ತಿರಲಿಲ್ಲ. ರಸ್ತೆ ಜೊತೆ ಸಂಸಾರ ಮಾಡಿದ ಹಾಗಾಗುತ್ತೆ ಅಂತ ಮೂಗು ಮುರಿದು ದಿಂಬನ್ನು ದೂರ ತಳ್ಳುತ್ತಿದ್ದಳು. ಊರಿನ ಲಿಫ್ಟುಗಳನ್ನೆಲ್ಲ ಸರಿ ಮಾಡಿದವನು ಒಂದು ದಿನ ಲಿಫ್ಟೇ ಇಲ್ಲದ ತನ್ನ ಮನೆಯ ಮೆಟ್ಟಿಲಲ್ಲಿ ಎದೆ ಹಿಡಿದುಕೊಂಡು ಕುಸಿದ. ಎತ್ತಿ ಕೂರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಮ್ಮನಿಗೆ ಆಗಲೇ ಮರೆವು ಶುರುವಾಗಿತ್ತು. ಮಗ ಎಲ್ಲಿ ಅಂತ ಕೇಳುವಳು. ಹೇಳಿದರೆ ಆಗಷ್ಟೇ ಸುದ್ದಿ ಬಂದ ಹಾಗೆ ಎದೆ ಬಡಿದುಕೊಂಡು ಅಳುವಳು. ಮಾರನೇ ದಿನ ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಅಳು. ಕೊನೆಗೆ ಅವನು ಬರೋವರೆಗೂ ತಿನ್ನಲ್ಲ ಅಂತ ಬಾಯಿ ಬಿಗಿದಳು, ಮೂಳೆ ಚಕ್ಕಳವಾದಳು. ಒಂದು ಸಂಜೆ ಅತ್ತಿಗೆ, ಯಾಕೆ ಅಂತ ಅವಳಿಗೂ ಗೊತ್ತಿಲ್ಲ, ಗೂಡಲ್ಲಿದ್ದ ಅಣ್ಣನ ಬಾಟಲಿಯಿಂದ ತಲೆ ತೊಳೆದುಕೊಂಡು ಅಮ್ಮನ ಹಾಸಿಗೆ ಸರಿಮಾಡಲು ಬಗ್ಗಿದಳು. ಅಮ್ಮ ಅವಳ ತಲೆ ಹಿಡಿದುಕೊಂಡು ಇಷ್ಟು ತಡ ಯಾಕಪ್ಪಾ ಅಂದಳಂತೆ. ಅವತ್ತು ಊಟ ಮಾಡಿದಳು. ಅಲ್ಲಿಂದ ಶುರುವಾಯಿತು ಈ ನಾಟಕ.

ಇದನ್ನೆಲ್ಲ ಅವಳ ಬಾಯಲ್ಲಿ ಕೇಳಿ ನಾನು ಬೈದೆ. ಸತ್ತವನ ವೇಷ ಹಾಕೋದು ಅಂದರೇನು, ನಿನಗೇನು ತಲೆ ಕೆಟ್ಟಿದೆಯಾ ಅಂದೆ. ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ತೋರಿಸಿದಳು. ತಳದಲ್ಲಿ ಒಂದಿಷ್ಟು ಉಳಿದಿತ್ತು. ಇದು ಮುಗಿದರೆ ಅಮ್ಮನ ಊಟವೂ ಮುಗಿದ ಹಾಗೆ. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು.

ಹೊಸ ಬಾಟಲಿ ನಾನೇ ತಂದೆ. ಅದೇ ಹೆಸರು, ಅದೇ ಕಂದು ಬಣ್ಣ, ಅದೇ ಮುಚ್ಚಳ. ವಾಸನೆ ಸ್ವಲ್ಪ ಬೇರೆ ಅನ್ನಿಸಿದರೂ ಹೊಸ ಬಾಟಲಿಯಲ್ಲವಾ ಅಂದುಕೊಂಡು, ಅತ್ತಿಗೆ ಹಾಡು ಮುಗಿಯುವವರೆಗೂ ನೊರೆ ಇಟ್ಟುಕೊಂಡು, ತೊಳೆದು, ಹೋಗಿ ತಲೆ ಬಗ್ಗಿಸಿದಳು. ಅಮ್ಮ ಮೂಸಿದಳು, ಕತ್ತಿನ ಹತ್ತಿರ ಅಂಗಿಯ ಕಾಲರನ್ನು ತಡವಿದಳು. ಕೈ ಸರಕ್ಕನೆ ಹಿಂದಕ್ಕೆ ಹೋಯಿತು.

"ಯಾರು ನೀನು? ನನ್ನ ಮಗನ ಅಂಗಿ ಯಾಕೆ ಹಾಕ್ಕೊಂಡಿದ್ದೀಯಾ?"

ಆ ದನಿ ಈಗಲೂ ನನ್ನ ಕಿವಿಯಲ್ಲಿದೆ. ತಟ್ಟೆ ನೆಲಕ್ಕೆ ಬಿತ್ತು. ಅತ್ತಿಗೆ ಗೋಡೆಗೆ ಅಂಟಿಕೊಂಡಿದ್ದಳು, ಕಳ್ಳಿಯ ಹಾಗೆ ಸಿಕ್ಕಿಬಿದ್ದಿದ್ದಳು ಪಾಪ.

ಇಷ್ಟು ವರ್ಷ ಶಾಂಪೂ ಜೊತೆ ಬಾಳಿದವಳು ಅವತ್ತೇ ಮೊದಲ ಸಲ ಬಾಟಲಿ ತಿರುಗಿಸಿ ಹಿಂಭಾಗ ಓದಿದ್ದು. ಪಾರ್ಲರಿನವರ ಅಭ್ಯಾಸವೇ ಅದು. ನೊರೆ ನೋಡುತ್ತಾರೆ, ಪರಿಮಳ ನೋಡುತ್ತಾರೆ, ಒಳಗೇನಿದೆ ಅಂತ ಕೇಳಲ್ಲ. ಇರುವೆ ಸಾಲಿನಂಥ ಆ ಅಕ್ಷರ ನಮ್ಮಿಬ್ಬರಿಗೂ ಅರ್ಥವಾಗಲಿಲ್ಲ. ಔಷಧಿ ಅಂಗಡಿಯವರ ಹತ್ತಿರ ಹಳೆಯದು ಹೊಸದು ಎರಡನ್ನೂ ಹಿಡಿದುಕೊಂಡು ಹೋದೆವು. ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ಆ ಮನುಷ್ಯರು ಪುಣ್ಯಕ್ಕೆ ಗೊಣಗದೆ ಬಿಡಿಸಿ ಹೇಳಿದರು. ಹಳೆಯದರಲ್ಲಿ ಇದ್ದದ್ದು ಕಲ್ಲಿದ್ದಲಿನ ಡಾಂಬರು. ತಲೆಯ ಚರ್ಮ ಅವಸರ ಅವಸರವಾಗಿ ಬೆಳೆದು ಉದುರುವುದನ್ನು ಅದು ನಿಧಾನ ಮಾಡುತ್ತದಂತೆ. ಕಂಪನಿ ಈಗ ಡಾಂಬರು ತೆಗೆದು ಜಿಂಕ್ ಪೈರಿಥಿಯೋನ್ ಹಾಕಿದೆ. ಎಲ್ಲರ ತಲೆಯಲ್ಲೂ ಒಂದು ಥರದ ಶಿಲೀಂಧ್ರ ಇರುತ್ತೆ, ಅದು ಮಿತಿ ಮೀರಿದಾಗ ಜಿಂಕು ಅದನ್ನು ಹತೋಟಿಗೆ ತರುತ್ತೆ. ಬೇರೆ ಕೆಲವು ಶಾಂಪೂಗಳಲ್ಲಿರುವ ಕೀಟೊಕೊನಜೋಲ್ ಮಾಡುವುದೂ ಅದೇ ಕೆಲಸ, ಸ್ವಲ್ಪ ಜೋರು. ಸ್ಯಾಲಿಸಿಲಿಕ್ ಆಸಿಡ್ ಅಂಟಿಕೊಂಡ ಹೊಟ್ಟನ್ನು ಸಡಿಲ ಮಾಡಿ ಎಬ್ಬಿಸುತ್ತೆ. ಹೆಸರು ಒಂದೇ ಇದ್ದರೂ ಒಳಗಿನ ಔಷಧಿ ಬದಲಾಗಬಹುದು, ಅದಕ್ಕೇ ಹಿಂದೆ ಓದಿ ಕೊಳ್ಳಬೇಕು ಅಂದರು.

ಆಮೇಲೆ ಅವರು ಅತ್ತಿಗೆಯ ತಲೆ ನೋಡಿದರು. "ನಿಮ್ಮ ತಲೇಲಿ ಹೊಟ್ಟು ಕಾಣ್ತಿಲ್ಲವಲ್ಲಮ್ಮ. ಯಾರಿಗೆ ಇದು?"

"ನಮ್ಮ ಯಜಮಾನರಿಗೆ" ಅಂದಳು ಅತ್ತಿಗೆ. ಅಂದದ್ದು ಸಹಜವಾಗಿಯೇ. ನಾನು ತಿರುಗಿ ಅವಳ ಮುಖ ನೋಡಿದೆ.

ಡಾಂಬರು ಇರುವ ಇನ್ನೊಂದು ಕಂಪನಿಯ ಬಾಟಲಿ ತರಿಸಿಕೊಟ್ಟರು. ಇದು ವಾರಕ್ಕೆ ಒಂದೋ ಎರಡೋ ಸಲ ಮಾತ್ರ, ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ, ಬಿಳಿ ಕೂದಲಿಗೆ ಕಲೆ ಹಿಡಿಯುತ್ತೆ ಅಂತಲೂ ಹೇಳಿದರು. ಅಮ್ಮ ಮತ್ತೆ ತಿಂದಳು. ಆದರೆ ಅತ್ತಿಗೆ ಯಾರ ಮಾತು ಕೇಳಿಯಾಳು? ದಿನಾ ಹಚ್ಚಿದಳು. ಹಣೆಯ ಅಂಚು ಕೆಂಪಗೆ ಸುಟ್ಟಿತು. ಬೈತಲೆಯ ಬಿಳಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿತು. ನೆತ್ತಿ ಒಣಗಿ ಬಿರಿದು, ಇಲ್ಲದ ಹೊಟ್ಟು ಈಗ ನಿಜವಾಗಿ ಉದುರತೊಡಗಿತು. ಅಣ್ಣನ ಅಂಗಿಯ ಹೆಗಲ ಮೇಲೆ ಆ ಬಿಳಿ ಪುಡಿ ಕಂಡ ದಿನ ನಾನು ಕೂಗಾಡಿಬಿಟ್ಟೆ. ಬಾಟಲಿ ಕಿತ್ತುಕೊಂಡೆ. ಅಮ್ಮನಿಗಾಗಿ ಅಂತ ನೆಪ ಹೇಳಬೇಡ, ವಾಸನೆ ಎರಡು ದಿನ ಕೂದಲಲ್ಲೇ ಇರುತ್ತೆ, ದಿನಾ ಯಾಕೆ ಹಚ್ಚಬೇಕು ಅಂತ ಕೇಳಿದೆ.

ಅವಳು ಬಚ್ಚಲ ಹೊಸ್ತಿಲ ಮೇಲೆ ಕೂತಳು.

"ನೊರೆ ಹಾಕ್ಕೊಂಡಾಗ ಕಣ್ಣು ಮುಚ್ಚಲೇಬೇಕಲ್ಲೇ" ಅಂದಳು. "ಹಾಡು ಮುಗಿಯೋವರೆಗೂ ಅವರು ನನ್ನ ಹಿಂದೇನೇ ನಿಂತಿರ್ತಾರೆ. ಉಸಿರು ಕೂಡ ಕೇಳಿಸುತ್ತೆ. ತೊಳೆದು ಕಣ್ಣು ಬಿಟ್ಟರೆ ಇರಲ್ಲ. ಇದ್ದಾಗ ದಿಂಬು ದೂರ ತಳ್ಳಿದೆ. ಈಗ ಹೇಗೆ ಬಿಡಲಿ ಹೇಳು."

ಆದರೂ ಆ ಗಾಯವಾದ ನೆತ್ತಿ ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ. ಅವಳನ್ನು ನಮ್ಮ ಮನೆಗೆ ಕಳಿಸಿದೆ. ನೆತ್ತಿ ಮಾಯುವವರೆಗೂ ಈ ಕಡೆ ತಲೆ ಹಾಕಬೇಡ, ಅಮ್ಮನನ್ನು ನಾನು ನೋಡಿಕೊಳ್ಳುತ್ತೇನೆ ಅಂದೆ.

ಸಂಜೆ ಅಣ್ಣನ ಬಚ್ಚಲಲ್ಲಿ ನಾನೇ ನಿಂತೆ. ಆ ಡಾಂಬರನ್ನು ನನ್ನ ತಲೆಗೆ ಸುರಿದುಕೊಂಡು ಕಣ್ಣು ಮುಚ್ಚಿ ಗುನುಗಿದೆ. ಹಿಂದೆ ಯಾರೂ ಇಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಆದರೂ ರಾಗದ ನಡುವೆ, ಅಣ್ಣ ತಪ್ಪುತ್ತಿದ್ದ ಜಾಗದಲ್ಲಿ ನಾನೂ ತಪ್ಪಿದೆ. ಬೇಕಂತ ತಪ್ಪಿದ್ದಲ್ಲ. ಗಬಗಬ ನೀರು ಹುಯ್ದುಕೊಂಡು ಆಚೆ ಬಂದುಬಿಟ್ಟೆ.

ಕೂದಲನ್ನು ಬಿಗಿಯಾಗಿ ಮೇಲೆ ಕಟ್ಟಿ, ಅಂಗಿ ತೊಟ್ಟು, ತಟ್ಟೆ ಹಿಡಿದು ಮಂಚದ ಪಕ್ಕ ಕೂತೆ. ಅಮ್ಮನ ಕೈ ಬಂತು. ನೆತ್ತಿಯಿಂದ ಕಿವಿಗೆ ಇಳಿಯಿತು. ಕಿವಿಯ ಹಿಂದೆ, ಚಿಕ್ಕವಳಿದ್ದಾಗ ಜಾರಿಬಿದ್ದು ಆದ ಗಾಯದ ಕಲೆಯ ಮೇಲೆ ನಿಂತಿತು.

"ಇವತ್ತು ನಿನ್ನ ಸರದಿಯೇನೇ?" ಅಂದಳು ಅಮ್ಮ, ಮೆಲ್ಲಗೆ.

ಗೊತ್ತಿತ್ತಾ ನಿನಗೆ ಅಂತ ಕೇಳಿದೆ.

"ಕೆಲವು ದಿನ ಗೊತ್ತಿರುತ್ತೆ. ಕೆಲವು ದಿನ ಮರೆತುಹೋಗುತ್ತೆ. ಮರೆತ ದಿನ ಅವನು ನಿಜವಾಗ್ಲೂ ಬಂದಿರ್ತಾನೆ. ಗೊತ್ತಿರೋ ದಿನ ಅದನ್ನ ನಾನು ಹೇಳಿಬಿಟ್ಟರೆ, ಆ ಹುಡುಗಿಗೆ ಅವನು ಪೂರ್ತಿ ಹೋಗಿಬಿಡ್ತಾನೆ. ಅವಳಿಗೆ ಹೇಳಬೇಡ."

ಕೈಯನ್ನು ನನ್ನ ತಲೆ ಮೇಲಿಂದ ತೆಗೆಯಲಿಲ್ಲ. ನಾನು ಅಳುತ್ತಾ ತುತ್ತು ಕಲಸಿದೆ. ಅಮ್ಮ ನನ್ನ ಕಡೆ ಬಗ್ಗಿ ಆ ವಾಸನೆಯನ್ನು ದೀರ್ಘವಾಗಿ ಎಳೆದುಕೊಂಡಳು.

"ಬಂದ್ಯಾ?" ಅಂದಳು.

ಹೂಂ ಅಂದೆ. ಅಮ್ಮ ಬಾಯಿ ತೆರೆದಳು.