ದನಿಯಿಲ್ಲದ ಸಿಡಿ

ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಹುಬ್ಬಳ್ಳಿಯಲ್ಲಿ ಕಿವುಡ ಮಕ್ಕಳ ಶಾಲೆಯಲ್ಲಿದ್ದು ಓದಿದಳು, ಸನ್ನೆ ಭಾಷೆ ಕಲಿತಳು, ಅದನ್ನು ಕಲಿಸುವ ತರಬೇತಿಯನ್ನೂ ಮುಗಿಸಿದಳು. ಅವಳು ನಮ್ಮೂರು ಸಂಶಿಗೆ ಮರಳಿ ಬಂದಾಗ, ಅವಳ ಅಕ್ಕ ನಾನು, ಬಸ್ ನಿಲ್ದಾಣದ ಹತ್ತಿರದ ಫೋಟೋ ಸ್ಟುಡಿಯೋದಲ್ಲಿ ಮದುವೆಯ ವಿಡಿಯೋ ಎಡಿಟ್ ಮಾಡುತ್ತಿದ್ದೆ. ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಹಾಡು ಕೂಡಿಸುವುದು, ಬೀಗರಲ್ಲಿ ಒಬ್ಬರ ಮುಖವೂ ಬಿಟ್ಟುಹೋಗದಂತೆ ನೋಡುವುದು, ಕೊನೆಗೆ ಸಿಡಿ ಬರೆದು ಕವರಿಗೆ ಹಾಕುವುದು ನನ್ನ ಕೆಲಸ.

ತಂಗಿ ಸುಮ್ಮನೆ ಕೂರುವವಳಲ್ಲ. ಸುತ್ತಲಿನ ಊರುಗಳಲ್ಲಿ ಕಿವಿ ಕೇಳದ ಮಕ್ಕಳು ಯಾರಿದ್ದಾರೆಂದು ಹುಡುಕಿಕೊಂಡು ಹೊರಟಳು. ಅಂಥ ಮಗು ಇಲ್ಲದ ಊರೇ ಇರಲಿಲ್ಲ. ಗುಡಗೇರಿಯ ಶಾಲೆಯಲ್ಲಿ ಒಂದು ಕೋಣೆ ಕೇಳಿಕೊಂಡು ಶನಿವಾರ ಮಧ್ಯಾಹ್ನ ಅವರನ್ನೆಲ್ಲ ಕೂರಿಸಿ ಕಲಿಸತೊಡಗಿದಳು. ಮಕ್ಕಳು ಬೇಗ ಕಲಿತರು. ಆದರೆ ಮನೆಯಲ್ಲಿ ಆ ಮಾತು ಬಲ್ಲವರು ಯಾರೂ ಇರಲಿಲ್ಲ. ಕೂಲಿಗೆ ಹೋಗುವ ಅವ್ವಂದಿರು ಶನಿವಾರ ಬಂದು ಕೂರುವುದೆಲ್ಲಿ? ಶನಿವಾರ ಮಾತು ಬಂದ ಮಕ್ಕಳು ಭಾನುವಾರ ಮತ್ತೆ ಮೂಕರಾಗುತ್ತಿದ್ದರು.

ಒಂದು ದಿನ ಅವಳು ಸ್ಟುಡಿಯೋಕ್ಕೆ ಬಂದು ನನ್ನ ಕುರ್ಚಿ ತಿರುಗಿಸಿದಳು. ಅವಳ ಕೈ ಆಡಿದ್ದನ್ನು ನಾನು ನಮ್ಮ ಮನೆಮಾತಿನಲ್ಲೇ ಬರೆಯುತ್ತೇನೆ. ನನಗೆ ಅದು ಹಾಗೇ ಕೇಳಿಸುತ್ತದೆ.

"ಮಂದಿ ಮದುವಿ ಸಿಡಿ ಮಾಡ್ತಿ. ನನ್ನ ಕೈದೂ ಒಂದು ಮಾಡು. ಅವ್ವ ಅಪ್ಪ ನೋಡಿ ಕಲೀಲಿ."

ಆಗಿನ್ನೂ ನಮ್ಮ ಕಡೆ ಫೋನೆಂದರೆ ಮಾತಾಡುವ ಫೋನಷ್ಟೇ. ಆದರೆ ಪ್ರತಿ ಊರಿನಲ್ಲೂ ಎಲ್ಲೋ ಒಂದು ಕಂಪ್ಯೂಟರ್ ಬಂದು ಕೂತಿತ್ತು. ಯರಗುಪ್ಪಿಯಲ್ಲಿ ಶಾಲೆಯಲ್ಲಿ, ಗುಡಗೇರಿಯಲ್ಲಿ ಒಬ್ಬ ಕಾಳಿನ ವ್ಯಾಪಾರಿಯ ಅಂಗಡಿಯಲ್ಲಿ, ಇನ್ನೊಂದು ಊರಿನಲ್ಲಿ ಪಂಚಾಯಿತಿಯಲ್ಲಿ. ಸಂಜೆ ಅಲ್ಲಿಗೆ ಬಂದು ನೋಡಲು ತಾಯಿ ತಂದೆಯರನ್ನು ಒಪ್ಪಿಸಿದೆವು. ಸ್ಟುಡಿಯೋದ ಮಾಲೀಕರು, "ಮಧ್ಯಾಹ್ನ ಯಾರೂ ಬರಂಗಿಲ್ಲ, ಮಾಡ್ಕೊಳ್ರಿ. ಲಗ್ನದ ಸಿಡಿ ಮಾತ್ರ ತಡಾ ಆಗಬಾರದು ನೋಡ್ರಿ," ಎಂದರು.

ನಮ್ಮ ಮನೆಯ ಪಡಸಾಲೆಯಲ್ಲೇ ಚಿತ್ರ ತೆಗೆದೆವು. ಊಟ, ನೀರು, ಹೊಟ್ಟೆನೋವು, ಬಾ, ಹೋಗು, ಕೂರು, ಹೊಲ: ಮನೆಯಲ್ಲಿ ಮೊದಲು ಬೇಕಾಗುವ ಮಾತುಗಳು. ಸ್ಟುಡಿಯೋದಲ್ಲಿ ಸಿಡಿ ಚೆನ್ನಾಗಿ ಓಡಿತು. ನಾನು ಹೆಮ್ಮೆಯಿಂದ ಎಲ್ಲ ಕಡೆ ಹಂಚಿದೆ.

ಮೊದಲು ಫೋನ್ ಬಂದದ್ದು ಯರಗುಪ್ಪಿಯ ಹೆಡ್‌ಮಾಸ್ತರರಿಂದ. "ಬಾಯಾರ, ನಿಮ್ಮ ಸಿಡಿಯೊಳಗ ಬರೇ ಚೌಕ ಚೌಕ ಕಾಣಸ್ತಾವ್ರಿ. ಒತ್ತಿದ್ರ ಏನೂ ಬರವಲ್ದು." ಅಲ್ಲಿನ ಕಂಪ್ಯೂಟರಿನಲ್ಲಿ ನಮ್ಮಲ್ಲಿದ್ದ ಆಪರೇಟಿಂಗ್ ವ್ಯವಸ್ಥೆ ಇರಲಿಲ್ಲ, ಪುಕ್ಕಟೆ ಸಿಗುವ ಬೇರೆಯದೊಂದು ಹಾಕಿದ್ದರು. ನಾನು ಪ್ರೀತಿಯಿಂದ ಕನ್ನಡದಲ್ಲಿ ಕೊಟ್ಟಿದ್ದ ಹೆಸರುಗಳೆಲ್ಲ ಅಲ್ಲಿ ಖಾಲಿ ಚೌಕಗಳಾಗಿದ್ದವು. ಒಳಗಿನ ಚಿತ್ರ ಯಾವ ನಮೂನೆಯದೆಂದೂ ಅದಕ್ಕೆ ತಿಳಿದಿರಲಿಲ್ಲ.

ಗುಡಗೇರಿಯಲ್ಲಿ ಆದದ್ದು ಇದಕ್ಕಿಂತ ಕೆಟ್ಟದ್ದು. ಅಲ್ಲಿ ಸಿಡಿ ಓಡಿತ್ತು. ಮುಂದಿನ ಶನಿವಾರ ಒಬ್ಬ ತಾಯಿ ಕೂಲಿ ಬಿಟ್ಟು ಮಗಳೊಂದಿಗೆ ಬಂದಳು. ಬಾಗಿಲಲ್ಲೇ ಅವಳಿಗೆ ಅಳು ಬಂತು.

"ಉಣ್ಣಾಕ ಬಾ ಅಂತ ಕೈ ಮಾಡಿ ಕರದ್ನಿರಿ. ಆಕಿ ನನ್ನ ಮಾರಿ ನೋಡಿ, ಎದ್ದು ಹೊರಗ ಹೋಗಿ ಕಟ್ಟಿ ಮ್ಯಾಲ ಕುಂತ್ಲು. ಮರುದಿನಾನೂ ಹಂಗ. ನಾ ಏನ್ ತಪ್ಪ ಮಾಡಿದ್ನಿ ಅಂತ ತಿಳೀವಲ್ದು."

ಅಂದು ಜೊತೆಗಿದ್ದ ನಾನು ಅದನ್ನು ಸನ್ನೆಯಲ್ಲಿ ತಿಳಿಸಿದೆ. ತಂಗಿ ಅವಳ ಕೈ ಹಿಡಿದು, ಹೇಗೆ ಕರೆದೆ ತೋರಿಸು ಎಂದಳು. ಆ ತಾಯಿ ತೋರಿಸಿದ್ದು ಅಪ್ಪಟ 'ಹೋಗು'. ನಾವು ಮೂವರೂ ಕಾಳಿನಂಗಡಿಗೆ ಹೋಗಿ ಸಿಡಿ ಹಾಕಿ ನೋಡಿದೆವು. ಹಳೆಯ ಕಂಪ್ಯೂಟರ್, ಚಿತ್ರ ತಡೆತಡೆದು ಓಡುತ್ತಿತ್ತು. ದೂರದಿಂದ ಎದೆಯ ಕಡೆಗೆ ಬರಬೇಕಾದ ಕೈ ನಡುವೆ ಮಾಯವಾಗಿ, ಚಾಚಿದ ಕೈಯಷ್ಟೇ ತೆರೆಯ ಮೇಲೆ ನಿಂತು 'ಹೋಗು' ಎಂದಂತೆ ಕಾಣುತ್ತಿತ್ತು. ಮದುವೆ ವಿಡಿಯೋದಲ್ಲಿ ಹೀಗಾದರೆ ಯಾರೂ ಗಮನಿಸುವುದಿಲ್ಲ, ಹಾಡು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಕೈಯೇ ಮಾತು. ಒಂದು ಹಸಿದ ಮಗುವನ್ನು ನನ್ನ ಸಿಡಿ ತಾಟಿನ ಮುಂದಿನಿಂದ ಎಬ್ಬಿಸಿ ಕಳಿಸಿತ್ತು.

ಬಸ್ಸಿನಲ್ಲಿ ನಾನು ತಂಗಿಗೆ ಹೇಳಿದೆ: "ಸಾಕು ಬಿಡು. ಊರಿಗೊಂದು ನಮೂನಿ ಕಂಪ್ಯೂಟರ್ ಐತಿ. ಎಲ್ಲಾ ಕಡೆ ಒಂದೇ ತರಾ ಎಲ್ಲಿಂದ ತರೂಣು?"

ಅವಳು ನನ್ನ ಕೈ ಸರಿಸಿ ಉತ್ತರ ಕೊಟ್ಟಳು: "ಕಂಪ್ಯೂಟರ್ ಬದಲ ಮಾಡಾಕ ನಮ್ಮ ಕೈಲೆ ಆಗಂಗಿಲ್ಲ. ಸಿಡಿ ಬದಲ ಮಾಡೂಣು."

ಮರುದಿನದಿಂದ ಹಿಡಿದ ಕೆಲಸ ಬಿಡಲಿಲ್ಲ. ಚಿತ್ರ ಚಿಕ್ಕದು ಮಾಡಿ, ಟಿವಿಗೆ ಹಾಕುವ ಹಳೆಯ ವಿಸಿಡಿಯ ನಮೂನೆಯಲ್ಲಿ ಬರೆದರೆ ಕಾಳಿನಂಗಡಿಯ ಕಂಪ್ಯೂಟರ್ ಎಲ್ಲೂ ನಿಲ್ಲದೆ ಓಡಿಸುತ್ತಿತ್ತು. ಆದರೆ ಚಿಕ್ಕ ಚಿತ್ರದಲ್ಲಿ ಬೆರಳುಗಳೆಲ್ಲ ಮುದ್ದೆಯಾದವು. ಹಾಗಾದರೆ ಮತ್ತೆ ತೆಗೆಯಬೇಕು. ಕ್ಯಾಮೆರಾ ಹತ್ತಿರ ತಂದು ಸೊಂಟದಿಂದ ತಲೆಯವರೆಗೆ ಮಾತ್ರ ಹಿಡಿದೆ. ಹಿಂದಿನ ಗೋಡೆಯ ಕ್ಯಾಲೆಂಡರು, ದೇವರ ಫೋಟೋ ಮುಚ್ಚುವಂತೆ ಕರಿ ಕಂಬಳಿ ಕಟ್ಟಿದೆ. ಹೂವಿನ ಸೀರೆ ಬಿಟ್ಟು ಒಂದೇ ಬಣ್ಣದ್ದು ಉಡು ಎಂದೆ. ಕೊನೆಗೆ ಉಳಿದದ್ದು ಬಳೆ. ಅವುಗಳ ಮಿನುಗು ಮಣಿಕಟ್ಟಿನ ಸುತ್ತ ಚಿತ್ರವನ್ನು ಕಲಸಿಬಿಡುತ್ತಿತ್ತು.

ಅವ್ವ ಒಪ್ಪಲಿಲ್ಲ. "ಹರೇದ ಹುಡುಗಿ ಬರೇ ಕೈಲೆ ಕುಂದ್ರಬಾರ್ದು. ಬೇಕಾರ ನಿಮ್ಮ ಸಿಡಿ ಹಾಳಾಗಿ ಹೋಗ್ಲಿ."

ತಂಗಿ ಬಳೆಗಳನ್ನು ಒಂದೊಂದಾಗಿ ತೆಗೆದು ಅವ್ವನ ಉಡಿಗೆ ಹಾಕಿದಳು. "ನನ್ನ ಬೆರಳ ಮಾತಾಡುವಾಗ ಇವು ನಡುವ ಬಾಯಿ ಹಾಕ್ತಾವ," ಎಂದು ಕೈಯಲ್ಲಿ ಆಡಿ ತೋರಿಸಿದಳು. ಅವ್ವ ನಕ್ಕುಬಿಟ್ಟಳು. ಆದರೂ ಚಿತ್ರ ಮುಗಿಯುವವರೆಗೂ ಅವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ನಮ್ಮ ಎದುರೇ ಕೂತಿದ್ದಳು.

ಯರಗುಪ್ಪಿಯ ಶಾಲೆಗೆಂದು ಅದೇ ಪಾಠವನ್ನು ಅಲ್ಲಿನ ವ್ಯವಸ್ಥೆಗೆ ತಿಳಿಯುವ ನಮೂನೆಯಲ್ಲೂ ಅದೇ ಸಿಡಿಗೆ ತುಂಬಿದೆ. ಕನ್ನಡದ ಹೆಸರು ತೆಗೆದು ಬರೇ ಅಂಕಿ ಕೊಟ್ಟೆ. ಅದು ನನಗೆ ಕಷ್ಟವೇ ಆಯಿತು. ಯಾವ ಅಂಕಿ ಯಾವ ಮಾತೆಂದು ಕವರಿನ ಮೇಲೆ ಬರೆದೆ. ಪಂಚಾಯಿತಿಯ ಕಂಪ್ಯೂಟರ್ ಮಾತ್ರ ಸಿಡಿಯನ್ನು ಗುರ್ರೆಂದು ತಿರುಗಿಸಿ ಹೊರಗೆ ತಳ್ಳುತ್ತಿತ್ತು. ಬರೆಯುವ ವೇಗ ತೀರಾ ಕಡಿಮೆ ಮಾಡಿ ಬರೆದಾಗ ಅದೂ ಒಪ್ಪಿಕೊಂಡಿತು. ಹೊಸ ಸಿಡಿ ಬರೆದಾಗಲೆಲ್ಲ ಇಬ್ಬರೂ ಬಸ್ ಹಿಡಿದು ಊರೂರಿಗೆ ಹೋಗಿ ಹಾಕಿ ನೋಡುತ್ತಿದ್ದೆವು. ನಮ್ಮನ್ನು ಕಂಡರೆ ಕಾಳಿನ ವ್ಯಾಪಾರಿ ಗುಮಾಸ್ತನಿಗೆ, "ಏಳಪಾ, ಕುರ್ಚಿ ಬಿಡು, ಕೈಮಾತಿನ ಅಕ್ಕಾರು ಬಂದ್ರು," ಎನ್ನುತ್ತಿದ್ದ. ಎಲ್ಲ ಊರಿನಲ್ಲೂ ಕೈ ತಡೆಯದೆ ಓಡುವವರೆಗೆ ತಂಗಿ ಒಂದೂ ಪ್ರತಿ ಹಂಚಗೊಡಲಿಲ್ಲ.

ಮೊದಲು ತೋರಿಸಿದ್ದು ಯರಗುಪ್ಪಿಯ ಶಾಲೆಯಲ್ಲಿ. ಒಬ್ಬ ರೈತ ಹೊಲದಿಂದ ನೇರ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ. ಪಕ್ಕದಲ್ಲಿ ಅವನ ಮಗಳು, ಶನಿವಾರದ ಪಾಠಕ್ಕೆ ಬರುವ ಹುಡುಗಿ. ತೆರೆಯ ಮೇಲಿನ ಕೈ ನೋಡುತ್ತ ಅವನು ತನ್ನ ದೊಡ್ಡ ಬೆರಳುಗಳನ್ನು ಮಡಿಸುವುದು, ಮಗಳು ಅವನ ಹೆಬ್ಬೆರಳು ಹಿಡಿದು ಸರಿಮಾಡುವುದು ನಡೆದಿತ್ತು. ನಡುವೆ ಅವಳು ಅವನ ಮುಖ ತಿರುಗಿಸಿ ಕೈಯಲ್ಲಿ ಏನೋ ಕೇಳಿದಳು.

"ಏನಂತಾಳ್ರಿ ಅಕ್ಕಾರ?" ಎಂದು ಅವನು ಗಾಬರಿಯಾದ.

"ದಿನಾ ಮುಂಜಾನಿ ಎಲ್ಲಿ ಹೋಗ್ತಿ ಅಂತ ಕೇಳಾಕತ್ತಾಳ್ರಿ."

"ಎಂಟು ವರ್ಷದಾಕಿ ಆದ್ಲು. ಇವತ್ತ ನನಗ ಒಂದ ಮಾತ ಕೇಳಿದ್ಲು ನೋಡ್ರಿ," ಎಂದ. ಆಮೇಲೆ ಎದ್ದು ಬಂದು, 'ಹೊಲ' ಎಂಬ ಪಾಠ ಮತ್ತೊಮ್ಮೆ ಹಾಕಿಸಿಕೊಂಡು ಕಲಿತು, ಮಗಳ ಮುಂದೆ ಕೂತು ಹೇಳಿದ. ಅವಳು ತಕ್ಷಣ ಕೇಳಿದಳು, ನಾನು ಅವನಿಗೆ ಹೇಳಿದೆ: ಹೊಲದಲ್ಲಿ ಏನಿದೆ?

ಅವನ ಅಂಗಿಯ ತೋಳಿಗೆ ಹತ್ತಿಯ ಎಳೆ ಅಂಟಿತ್ತು. ಅದನ್ನು ಕಿತ್ತು ಅವಳ ಅಂಗೈಯಲ್ಲಿಟ್ಟ. ಹತ್ತಿಗೆ ಯಾವ ಸನ್ನೆ ಎಂದು ನಮ್ಮ ಸಿಡಿಯಲ್ಲಿ ಇರಲಿಲ್ಲ. ಕಡಲೆ, ಗೋಧಿ, ಕುಸುಬಿ, ಮೆಣಸಿನಕಾಯಿ ಯಾವುದೂ ಇರಲಿಲ್ಲ. ತಂಗಿ ಎದ್ದು ಹೋಗಿ ಅಪ್ಪ ಮಗಳ ನಡುವೆ ನೆಲದ ಮೇಲೆ ಕೂತು, ಬೆರಳುಗಳಲ್ಲೇ ಕಾಯಿಯೊಳಗಿನ ಹತ್ತಿ ಬಿಡಿಸುವ ಸನ್ನೆ ಮಾಡಿ ತೋರಿಸಿದಳು. ಮೂವರೂ ಅದನ್ನೇ ಮತ್ತೆ ಮತ್ತೆ ಮಾಡುತ್ತಿದ್ದರು. ಹೆಡ್‌ಮಾಸ್ತರರು ಕಂಪ್ಯೂಟರ್ ಆರಿಸಿ, ಕೀಲಿ ಹಿಡಿದು ಬಾಗಿಲಲ್ಲಿ ಕಾಯುತ್ತ ನಿಂತರು. ಯಾರಿಗೂ ಏಳಿ ಎನ್ನಲಿಲ್ಲ.