ಅಕ್ಕಿ ಡಬ್ಬದಲ್ಲಿ ಊದಿದ ಫೋನು

ಭದ್ರಾವತಿಯಲ್ಲಿ ಕೋಳಿಗಳೇ ಇನ್ನೂ ಆಕಳಿಸುತ್ತಿರುವ ಹೊತ್ತು. ಹುಚ್ಚಮ್ಮ ಒಲೆಯ ಮುಂದೆ ಕೂತು ಬಾಣಲೆಯಲ್ಲಿ ಮರಳು ಹುರಿಯುತ್ತಿದ್ದಾರೆ. ಮದುವೆ ಮನೆಯ ಕೇಸರಿಬಾತಿಗೆ ರವೆ ಹುರಿಯುವವರಿಗೂ ಇಷ್ಟು ಮುತುವರ್ಜಿ ಇರಲಾರದು. ಆರಿದ ಮೇಲೆ ಮುಷ್ಟಿಯಲ್ಲಿ ಹಿಡಿದು ಬಿಡುತ್ತಾರೆ. ಒಂದು ಕಾಳೂ ಅಂಗೈಗೆ ಅಂಟಬಾರದು.

"ಒದ್ದೆ ಮರಳು ಮಹಾ ಮೋಸಗಾರ. ಎರಕದ ಫೌಂಡ್ರಿಯಲ್ಲಿ ಇಪ್ಪತ್ತು ವರ್ಷ ಮರಳು ಜರಡಿ ಹಿಡಿದೋಳು ನಾನು, ನಂಗೊತ್ತಿಲ್ವಾ?"

ಈ ಮರಳು ಹೋಗುವುದು ಉಪ್ಪಿನಕಾಯಿ ಜಾಡಿಗಳಿಗೆ. ಒಳಗೆ ಕೂರುವುದು ಮಾವಿನಮಿಡಿಯಲ್ಲ. ಊದಿದ, ಜಜ್ಜಿದ ಲಿಥಿಯಂ ಬ್ಯಾಟರಿಗಳು. ಮೊಬೈಲಿನವು, ತೋಟಕ್ಕೆ ಔಷಧಿ ಹೊಡೆಯುವ ಯಂತ್ರದವು, ವಾರಕ್ಕೆ ನಲವತ್ತರಷ್ಟು. ಮೊಪೆಡ್ಡಿಗೆ ಜಾಡಿ ಬಿಗಿದುಕೊಂಡು ಹೊಳೆಹೊನ್ನೂರಿನಿಂದ ಶಿವಮೊಗ್ಗದವರೆಗೆ ಸುತ್ತಿ, ಎಲ್ಲವನ್ನೂ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಮುಟ್ಟಿಸುತ್ತಾರೆ. ದಾರಿಯಲ್ಲಿ ಉಪ್ಪಿನಕಾಯಿ ಕೇಳಿದವರನ್ನು ಲೆಕ್ಕ ಹಾಕಿದರೆ ಅರ್ಧ ಜಿಲ್ಲೆಯೇ ಆದೀತು.

ಫೌಂಡ್ರಿ ಮುಚ್ಚಿದ ಮೇಲೆ ಅವರು ಒಂದು ಒಣಕಸದ ಶೆಡ್ಡಿಗೆ ಸೇರಿದ್ದರು. ಆರು ವರ್ಷದ ಹಿಂದೆ ಯಾರೋ ರದ್ದಿಯ ನಡುವೆ ಊದಿದ ಬ್ಯಾಟರಿ ಎಸೆದಿದ್ದರು. ರದ್ದಿ ಅದುಮುವ ಯಂತ್ರ ಅದನ್ನೂ ಅದುಮಿತು. "ಬುಸ್ ಅಂದಿದ್ದಷ್ಟೇ ಗೊತ್ತು. ನನ್ನ ಎಡ ಹುಬ್ಬು ತಗೊಂಡು ಹೋಯ್ತು. ಇವತ್ತಿಗೂ ವಾಪಸ್ ಕೊಟ್ಟಿಲ್ಲ," ಎಂದು ನಗುತ್ತಾರೆ. ಅಂದಿನಿಂದಲೇ ಈ ಜಾಡಿಗಳ ಕೆಲಸ, ಅಂದಿನಿಂದಲೇ ಆ ಹುಬ್ಬು ಕಾಡಿಗೆಯದ್ದು. ದಿನಾ ಬೆಳಿಗ್ಗೆ ಮೊಪೆಡ್ಡಿನ ಕನ್ನಡಿಯಲ್ಲಿ ನೋಡಿಕೊಂಡು ಬರೆಯುತ್ತಾರೆ.

ಇಂದು ಹುಬ್ಬು ಅರ್ಧ ಬರೆಯುವಷ್ಟರಲ್ಲಿ ಶಿವಮೊಗ್ಗದ ದುರ್ಗಿಗುಡಿಯಿಂದ ಫೋನು. ಮಾತಾಡುತ್ತಿರುವುದು ಶ್ರೀಗೌರಿ. ಅವರ ಅತ್ತೆ ಜಗದಾಂಬಾ ಅವರ ಮೊಬೈಲು ಊದಿ, ಸಕ್ರೆಬೈಲಿನ ಆನೆಮರಿಯ ಹೊಟ್ಟೆಯಂತಾಗಿದೆ. ನೀರಿಗೆ ಬಿದ್ದ ಫೋನು ಅಕ್ಕಿಯಲ್ಲಿಟ್ಟರೆ ಸರಿಹೋಗುತ್ತದಲ್ಲ, ಊತವೂ ಇಳಿಯಲಿ ಎಂದು ಅತ್ತೆ ಅದನ್ನು ಅಕ್ಕಿ ಡಬ್ಬದಲ್ಲಿ ಹೂತಿದ್ದಾರೆ. ಡಬ್ಬದ ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್.

"ಒಲೆ ಹಚ್ಚಬೇಡಿ, ಡಬ್ಬ ಮುಟ್ಟಬೇಡಿ, ಎಲ್ರೂ ಆಚೆ ನಿಂತ್ಕೊಳ್ಳಿ, ಬಂದೆ," ಎಂದು ಹುಚ್ಚಮ್ಮ ಹೊರಡುತ್ತಾರೆ, ಅರ್ಧ ಹುಬ್ಬಿನಲ್ಲೇ.

ದುರ್ಗಿಗುಡಿಯಲ್ಲಿ ಬೇರೆಯೇ ತೊಡಕು. ಜಗದಾಂಬಾ ಆಚೆ ನಿಂತಿದ್ದಾರೆ ನಿಜ, ಆದರೆ ಬಾಗಿಲಿಗೆ ಅಡ್ಡವಾಗಿ.

"ಇವತ್ತು ಶುಕ್ರವಾರ ಕಣೆ. ಅಕ್ಕಿ ಡಬ್ಬದಿಂದ ತೆಗೆದು ಮನೆಯಾಚೆ ಕೊಟ್ರೆ ಲಕ್ಷ್ಮಿನೇ ಕೈಹಿಡಿದು ಕಳಿಸಿದ ಹಾಗೆ. ನಾಳೆ ಬಾ ಮಾರಾಯ್ತಿ."

"ಅಮ್ಮಾ, ಅದು ನಾಳೆವರೆಗೆ ಕಾಯಲ್ಲ. ನನ್ನ ಮುಖ ನೋಡಿ, ಒಂದು ಹುಬ್ಬು ಕಡಿಮೆ ಇದೆ ನೋಡಿ!"

ಜಗದಾಂಬಾ ನೋಡುತ್ತಾರೆ. "ಅಯ್ಯೋ, ಇದೇನೇ ಅವತಾರ!" ಎನ್ನುತ್ತಾರೆ. ಬಾಗಿಲು ಮಾತ್ರ ಬಿಡುವುದಿಲ್ಲ.

ಹುಚ್ಚಮ್ಮ ಒಂದು ಗಳಿಗೆ ಯೋಚಿಸಿ, ಎದುರಿನ ಅಂಗಡಿಗೆ ಓಡಿ ಕಲ್ಲುಪ್ಪಿನ ಪೊಟ್ಟಣ ತರುತ್ತಾರೆ. "ತಗೊಳ್ಳಿ. ಶುಕ್ರವಾರ ಉಪ್ಪು ಮನೆಗೆ ಬಂತು. ಈಗ ಹೇಳಿ, ಲಕ್ಷ್ಮಿ ಬಂದ್ಲೋ ಹೋದ್ಲೋ?"

ಜಗದಾಂಬಾ ಪೊಟ್ಟಣವನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. "ಬಂದ್ಲು ಅನ್ನು. ಆದ್ರೂ ನಾನಂತೂ ಕೈಯಾರೆ ಕೊಡಲ್ಲ. ನೀನೇ ತಗೋ, ನಾನು ನೋಡಲ್ಲ." ಪಕ್ಕಕ್ಕೆ ಸರಿದು ಗೋಡೆಯತ್ತ ಮುಖ ಮಾಡಿ ನಿಲ್ಲುತ್ತಾರೆ.

ಹುಚ್ಚಮ್ಮ ದಪ್ಪ ಕೈಗವಸು ಹಾಕಿಕೊಂಡು ಒಳಗೆ ಹೋಗುತ್ತಾರೆ. ಒತ್ತುವುದಿಲ್ಲ, ಬಿಚ್ಚುವುದಿಲ್ಲ, ಒಳಗಿನ ಬ್ಯಾಟರಿ ಕೀಳುವುದೂ ಇಲ್ಲ. ಬೆಚ್ಚಗಿದ್ದ ಫೋನನ್ನು ಹಾಗೇ ಎತ್ತಿ ಅಂಗಳಕ್ಕೆ ತಂದು, ಜಾಡಿಯ ಮರಳಲ್ಲಿ ಮಲಗಿಸಿ, ಮೇಲೊಂದು ಗೇಣು ಮರಳು ಸುರಿಯುತ್ತಾರೆ. ಮುಚ್ಚಳ ಸಡಿಲವಾಗೇ ಇರುತ್ತದೆ. "ಎರಕದ ಅಚ್ಚಿಗೂ ಉಸಿರು ಬಿಡೋಕೆ ತೂತು ಇಡ್ತಿದ್ವಿ. ಉಸಿರು ಕಟ್ಟಿಸಿದ್ರೇನೇ ಸಿಡಿಯೋದು."

ಅರ್ಧ ಗಂಟೆ ಯಾರನ್ನೂ ಹತ್ತಿರ ಬಿಡದೆ ಕಾಯುತ್ತಾರೆ. ಜಾಡಿ ತಣ್ಣಗೇ ಇದೆ. ಆಗಲೇ ಸಿಲಿಂಡರಿನ ಪಕ್ಕ ಓಡಾಡಲು ಶ್ರೀಗೌರಿಗೆ ಧೈರ್ಯ ಬರುವುದು.

"ಫೋನಿಟ್ಟಿದ್ದ ಅಕ್ಕಿ ತಿನ್ಬೇಡಿ ಅಮ್ಮಾ, ಆಚೆ ಹಾಕಿ."

"ಹಾಕ್ತೀನಿ, ನಾಳೆ," ಎನ್ನುತ್ತಾರೆ ಜಗದಾಂಬಾ, ಗೋಡೆಯಿಂದ ಮುಖ ತಿರುಗಿಸದೆ.

ನಿಮಗೇನು ಕೊಡಲಿ ಎಂದು ಶ್ರೀಗೌರಿ ಕೇಳಿದರೆ ಹುಚ್ಚಮ್ಮ ಮೊಪೆಡ್ಡಿನ ಕನ್ನಡಿಗೆ ಬಗ್ಗಿ ಉಳಿದರ್ಧ ಹುಬ್ಬು ಬರೆದುಕೊಳ್ಳುತ್ತಾರೆ. "ಊದಿದ ತಕ್ಷಣ ಹೇಳಿದ್ರೆ ಸಾಕು, ಬಚ್ಚಿಡಬಾರದು. ಆರು ವರ್ಷದಲ್ಲಿ ನಾನು ಹೋದ ಮನೇಲಿ ಯಾರ ಹುಬ್ಬೂ ಹೋಗಿಲ್ಲ, ಲೆಕ್ಕ ಇಟ್ಟಿದೀನಿ." ಮೊಪೆಡ್ಡು ಹತ್ತಿ, ಒಮ್ಮೆ ತಿರುಗಿ ಸೇರಿಸುತ್ತಾರೆ: "ಕಾಡಿಗೆ ಖರ್ಚು ನನ್ನೊಬ್ಬಳದ್ದೇ ಇರಲಿ."